ನೀಲಿಗೆ ನೀಲಿ

"ನನಗೆ ಗೊತ್ತಿಲ್ಲ" ಅಂತ ಒಂದು ಸಲ ಹೇಳಿಬಿಟ್ಟರೆ ನಾಲಿಗೆ ಕಳಚಿ ಕೆಳಗೆ ಬೀಳುತ್ತೆ ಅಂತ ನಂಬಿರುವ ಗಂಡಸರು ಎಲ್ಲ ಕಡೆ ಇರುತ್ತಾರೆ. ನಮ್ಮ ಕಥೆಯ ಮಹಾಶಯ ಆ ಪೈಕಿ ಮೊದಲ ಸಾಲಿನವನು. ಬೀದಿಯ ಜನ ಅವನಿಗೆ ಎಲ್ಲಬಲ್ಲ ಅಂತ ಹೆಸರಿಟ್ಟಿದ್ದರು. ಆ ಹೆಸರು ಹೊಗಳಿಕೆ ಅಂತ ತಿಳಿದಿದ್ದವನು ಇಡೀ ಬೀದಿಯಲ್ಲಿ ಅವನೊಬ್ಬನೇ.

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಅವನಿಗೆ ಕೆಲಸ. ಕೊಳವೆ ಒಡೆದಿದೆ, ನೀರು ಬರ್ತಿಲ್ಲ, ಬಂದದ್ದು ಕೆಂಪಗಿದೆ ಅಂತ ಜನ ಬಾಯಿ ಬಾಯಿ ಬಡಿದುಕೊಂಡು ಬಂದರೆ ಇವನು ಕನ್ನಡಕವನ್ನು ಹಣೆಗೇರಿಸಿ "ಪರಿಶೀಲನೆಯಲ್ಲಿದೆ" ಅನ್ನಬೇಕು. ಅಷ್ಟೇ ಕೆಲಸ. ಅದನ್ನು ಅವನು ಬಹಳ ಚೆನ್ನಾಗಿ ಮಾಡುತ್ತಿದ್ದ. ದೂರು ಹೇಳಲು ಬಂದವರು ಏನೋ ಘನಕಾರ್ಯ ನಡೆಯುತ್ತಿದೆ ಅಂದುಕೊಂಡು ನಮಸ್ಕಾರ ಹಾಕಿ ಹೋಗುತ್ತಿದ್ದರು.

ಹೆಂಡತಿ ಡ್ರೈವಿಂಗ್ ಶಾಲೆಯಲ್ಲಿ ಮೇಡಂ. ಅವಳ ಶಾಲೆಯ ಕಾರುಗಳಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕು ಇರುತ್ತದೆ. ವರ್ಷಗಟ್ಟಲೆ ಅದನ್ನು ತುಳಿದು ತುಳಿದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಗಂಡ ಬಾಯಿ ತೆರೆದು ಬಡಾಯಿ ಶುರುಮಾಡಿದರೂ ಸಾಕು, ಸೋಫಾದ ಮೇಲೆ ಕೂತಿದ್ದ ಹಾಗೇ ಅವಳ ಕಾಲು ನೆಲವನ್ನು ಒತ್ತುತ್ತಿತ್ತು.

ಈ ಹೆಂಗಸು ಅರ್ಧ ಊರಿಗೆ ಗಾಡಿ ಓಡಿಸೋದು ಕಲಿಸಿದ್ದಳು. ಆದರೆ ಸಮುದ್ರ ನೋಡಿರಲಿಲ್ಲ. ಮದುವೆಯಾದ ಹೊಸದರಲ್ಲಿ ಎಲ್ಲಬಲ್ಲ, "ಮುಂದಿನ ವರ್ಷ ಸಮುದ್ರ ತೋರಿಸ್ತೀನಿ" ಅಂದಿದ್ದ. ಆ ಮುಂದಿನ ವರ್ಷ ಇನ್ನೂ ಬಂದಿರಲಿಲ್ಲ. ಕಾದು ಕಾದು ಸಾಕಾಗಿ ಅವಳು ತಾನೇ ಕೂಡಿಟ್ಟ ದುಡ್ಡಿನಲ್ಲಿ ಒಂದು ಹಳೇ ಪ್ರವಾಸದ ವ್ಯಾನು ತಂದಳು. ಒಳಗೇ ಹಾಸಿಗೆ, ಪುಟ್ಟ ಒಲೆ, ನೀರಿನ ತೊಟ್ಟಿ, ಎಲ್ಲಾ ಇತ್ತು. ಇನ್ನೊಂದನ್ನು ಅವಳೇ ನಿಂತು ಮಾಡಿಸಿದ್ದಳು. ಹಿಂಬದಿಯ ಬಾಗಿಲ ಕೆಳಗೆ ಒಂದು ಸಣ್ಣ ಕೊಳವೆ. ಸಮುದ್ರದಿಂದ ಬಂದು ಕಾಲಿನ ಮರಳು ತೊಳೆದುಕೊಳ್ಳೋದಕ್ಕೆ. ಮುಂದೆ ರೇಡಿಯೋದ ಕೆಳಗಿದ್ದ ಸ್ವಿಚ್ ಒತ್ತಿದರೆ ತೊಟ್ಟಿಯ ಪಂಪು ಓಡಿ ಆ ಕೊಳವೆಯಲ್ಲಿ ನೀರು ಬರೋದು, ಇನ್ನೊಮ್ಮೆ ಒತ್ತಿದರೆ ನಿಲ್ಲೋದು. ಇನ್ನೂ ನೋಡದ ಸಮುದ್ರದ ಮರಳನ್ನು ಅವಳು ಮನೆ ಮುಂದೆ ನಿಂತು ಎಷ್ಟೋ ಸಲ ತೊಳೆದುಕೊಂಡಿದ್ದಳು.

ಶನಿವಾರ ಬೆಳಗ್ಗೆ ಹೊರಡೋದು ಅಂತ ತೀರ್ಮಾನವಾಯಿತು. ಡ್ರೈವಿಂಗ್ ಶಾಲೆಯ ಮೈದಾನಕ್ಕೆ ಡಾಂಬರು ಹಾಕುತ್ತಾರೆ ಅಂತ ಅವಳಿಗೆ ಆ ಶನಿವಾರದಿಂದ ಒಂದು ವಾರ ರಜೆ ಸಿಕ್ಕಿತ್ತು. ಇನ್ನೊಂದು ಸಲ ಇಂಥ ರಜೆ ಸಿಗಬೇಕಾದರೆ ಆ ಡಾಂಬರು ಪೂರ್ತಿ ಕಿತ್ತುಹೋಗಬೇಕು. ಅವಳ ಅಕ್ಕನೂ, ಅಕ್ಕನ ಗಂಡನೂ ಜೊತೆಗೆ ಬರುವವರಿದ್ದರು.

ಅನಾಹುತಕ್ಕೆ ಮೂಲ ಈ ಅಕ್ಕನ ಗಂಡ, ಅಂದರೆ ನಮ್ಮ ಎಲ್ಲಬಲ್ಲನ ಷಡ್ಡಕ. ಕನ್ನಡಕದಂಗಡಿಯವನು. ಹೊಸ ಕಾರು ತಗೊಂಡು ತೋರಿಸೋದಕ್ಕೆ ಬಂದ. ಅದರ ಮುಂಭಾಗದಲ್ಲಿ ತಟ್ಟೆಯಗಲದ ಪರದೆ. ಅದರಲ್ಲಿ ನಕ್ಷೆ, ಹಾಡು, ಹವಾಮಾನ. ವಾಪಸ್ ಹೋಗುವಾಗ ವ್ಯಾನಿನೊಳಗೆ ತಲೆ ಹಾಕಿ, ಎರಡು ತಿರುಪಿನ ಹಳೇ ರೇಡಿಯೋ ನೋಡಿ, ಹಲ್ಲಿಗೂ ತಾಗದ ಹಾಗೆ ಒಂದು ನಗು ನಕ್ಕ.

"ಇದು ಇನ್ನೂ ಹಾಡುತ್ತಾ ಷಡ್ಡಕರೇ?"

ಅಷ್ಟೇ ಅವನು ಅಂದದ್ದು. ಎಲ್ಲಬಲ್ಲನಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಷಡ್ಡಕನದಕ್ಕಿಂತ ದೊಡ್ಡ ಪರದೆಯ ಆಂಡ್ರಾಯ್ಡ್ ಸ್ಟೀರಿಯೋ ಮನೆಗೆ ಬಂತು. ಪೆಟ್ಟಿಗೆಯ ಮೇಲೆ ಬರೆದದ್ದು ಯಾವ ಭಾಷೆಯೋ ಓದಲು ಬರುತ್ತಿರಲಿಲ್ಲ. ಅದು ಅವನ ಹೆಮ್ಮೆಯನ್ನು ಇನ್ನಷ್ಟು ಹೆಚ್ಚಿಸಿತು.

"ಇದ್ದದ್ದು ಚೆನ್ನಾಗಿ ಹಾಡ್ತಿತ್ತಲ್ರೀ" ಅಂದಳು ಹೆಂಡತಿ.

"ಹಾಡೋದು ಮುಖ್ಯ ಅಲ್ಲ" ಅಂದ ಅವನು.

"ಮತ್ತೆ ರೇಡಿಯೋದಲ್ಲಿ ಏನು ಮುಖ್ಯ?"

"ನಿನಗೆ ತಾಂತ್ರಿಕ ವಿಚಾರ ಅರ್ಥ ಆಗಲ್ಲ ಬಿಡು."

ಸೋಫಾದ ಮುಂದೆ ಅವಳ ಕಾಲು ನೆಲ ಒತ್ತಿತು.

ಭಾನುವಾರ ಬೆಳಗ್ಗೆ ಶಸ್ತ್ರಚಿಕಿತ್ಸೆ ಶುರುವಾಯಿತು. ಅದಕ್ಕೆ ಮೊದಲು ಅವನು ಫೋನಿನಲ್ಲಿ ಒಂದು ವಿಡಿಯೋ ನೋಡಿದ್ದ, ಸದ್ದು ಪೂರ್ತಿ ಆರಿಸಿ. ವಿವರಣೆ ಕೇಳುವವರು ಗೊತ್ತಿಲ್ಲದವರು ತಾನೇ? ಹಳೇ ರೇಡಿಯೋವನ್ನು ಚಮಚದಿಂದ ಮೀಟಿ ಎಳೆದ. ಅದರ ಬೆನ್ನಿಗೆ ಒಂದು ದೊಡ್ಡ ಪ್ಲಗ್ಗು, ಪ್ಲಗ್ಗಿನಿಂದ ಬಣ್ಣ ಬಣ್ಣದ ತಂತಿಗಳು. ಆ ಪ್ಲಗ್ಗು ಸರಿಯಾಗಿ ಕೂರುವಂಥ ಒಂದು ಜೋಡಣೆ ಹೊಸ ಪೆಟ್ಟಿಗೆಯೊಳಗೇ ಇತ್ತು. ಚಿಕ್ಕ ಮಗು ಕೂಡ ಅದನ್ನು ಇದಕ್ಕೆ ಸಿಕ್ಕಿಸಿ, ಕೈ ತೊಳೆದು ಆಟಕ್ಕೆ ಹೋಗಬಹುದಿತ್ತು. ಎಲ್ಲಬಲ್ಲ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಬೇರೆ ಯಾವುದೋ ಗಾಡೀದು, ತಪ್ಪಿ ಬಂದಿದೆ" ಅಂತ ತೀರ್ಪು ಕೊಟ್ಟು ಕಸದ ಬುಟ್ಟಿಗೆ ಹಾಕಿದ. ಆಮೇಲೆ ಅಡುಗೆಮನೆಯ ಕತ್ತರಿ ತಂದು ವ್ಯಾನಿನ ಪ್ಲಗ್ಗನ್ನೇ ಕಚಕ್ ಅಂತ ಕತ್ತರಿಸಿಬಿಟ್ಟ.

ಈಗ ಒಂದು ಕೈಯಲ್ಲಿ ವ್ಯಾನಿನ ತಂತಿಗಳ ಕಂತೆ, ಇನ್ನೊಂದು ಕೈಯಲ್ಲಿ ಹೊಸ ಸ್ಟೀರಿಯೋದ ತಂತಿಗಳ ಕಂತೆ. ಬೇರೆ ಯಾರಾದರೂ ಆಗಿದ್ದರೆ ಬೆವರುತ್ತಿದ್ದರು. ಇವನಿಗೆ ಜ್ಞಾನೋದಯವಾಯಿತು.

"ಕೆಂಪಿಗೆ ಕೆಂಪು, ಹಳದಿಗೆ ಹಳದಿ" ಅಂತ ಗಟ್ಟಿಯಾಗಿ ಹೇಳಿಕೊಂಡ. "ಇಷ್ಟು ಸುಲಭದ್ದಕ್ಕೆ ಜನ ಮೆಕ್ಯಾನಿಕ್ ಹತ್ರ ಹೋಗ್ತಾರಲ್ಲಪ್ಪ!"

ವ್ಯಾನು ಮಾಡಿದವರಿಗೂ ಸ್ಟೀರಿಯೋ ಮಾಡಿದವರಿಗೂ ಬಣ್ಣದ ವಿಚಾರದಲ್ಲಿ ಯಾವ ಒಪ್ಪಂದವೂ ಆಗಿರಲಿಲ್ಲ ಅನ್ನೋದು ಇವನಿಗೆ ಹೊಳೆಯಲೇ ಇಲ್ಲ. ಆದರೂ ಅದೃಷ್ಟ ಅವನ ಪಕ್ಷ ವಹಿಸಿತು. ಸ್ಟೀರಿಯೋ ಸುಟ್ಟುಹೋಗಿದ್ದರೆ ಕಥೆ ಅಲ್ಲಿಗೇ ಮುಗಿದು ಬೀದಿಯ ರಸ್ತೆ ಉಳಿಯುತ್ತಿತ್ತು. ದೊಡ್ಡ ಪರದೆ ಕೂರುವುದಕ್ಕೆ ಜಾಗ ಸಾಲದೆ ಅವನು ಕೆಳಗಿದ್ದ ಸಣ್ಣ ಸ್ವಿಚ್ಚನ್ನೂ ಕಿತ್ತು ಬಿಸಾಕಿದ. ಅದರ ಹಿಂದಿನಿಂದ ಒಂದು ನೀಲಿ ತಂತಿ ಜೋತು ಬಿತ್ತು. ಸ್ಟೀರಿಯೋದ ಕಂತೆಯಲ್ಲೂ ಒಂದು ನೀಲಿ ತಂತಿ ಉಳಿದಿತ್ತು. ಪರದೆ ಎಚ್ಚರವಾಗಿರುವಷ್ಟು ಹೊತ್ತೂ ಅದರಲ್ಲಿ ಕರೆಂಟು ಹರಿಯುತ್ತದೆ, ಆಂಟೆನಾಕ್ಕೆ ಅಂತ. ಎರಡನ್ನೂ ನೋಡಿ ಎಲ್ಲಬಲ್ಲನ ಮುಖ ಅರಳಿತು.

"ನೀಲಿಗೆ ನೀಲಿ" ಅಂತ ತಿರುಚಿ ಟೇಪು ಸುತ್ತಿದ.

ಓದುಗರಿಗೆ ಗೊತ್ತಾಗಿರುತ್ತೆ. ಹಾಡು ಬಂದಾಗೆಲ್ಲ ಪಂಪು ಓಡುತ್ತೆ, ಕಾಲು ತೊಳೆಯುವ ಕೊಳವೆಯಲ್ಲಿ ನೀರು ಬರುತ್ತೆ. ಗೊತ್ತಾಗದಿದ್ದವನು ಎಲ್ಲ ಬಲ್ಲವನೊಬ್ಬನೇ.

ಕೀಲಿ ತಿರುಗಿಸಿದ. ಪರದೆ ಬೆಳಗಿತು. ಯಾವುದೋ ದೇಶದ ಹೆಂಗಸು ಏನೋ ಸ್ವಾಗತ ಹೇಳಿದಳು. ಹಿಂದೆಯೇ ಪೆಟ್ಟಿಗೆಯ ಜೊತೆ ಬಂದ ಒಂದು ಹಾಡು ಡಬ ಡಬ ಅಂತ ಶುರುವಾಯಿತು. ಅದು ಯಾವ ಭಾಷೆಯೋ ದೇವರಿಗೇ ಗೊತ್ತು. ಕೀಲಿ ಹಾಕಿದಾಗೆಲ್ಲ ಅದೇ ಹಾಡು, ಅಷ್ಟೇ ಜೋರು. ನಿಲ್ಲಿಸೋದು ಹೇಗೆ ಅಂತ ಪರದೆಯ ಮೇಲೆ ಬರೆದಿತ್ತೇನೋ, ಓದಬಲ್ಲವರು ಯಾರೂ ಇರಲಿಲ್ಲ. ಆ ಗದ್ದಲದಲ್ಲಿ ಪಂಪಿನ ಗುಂಯ್ ಸದ್ದು ಯಾರಿಗೂ ಕೇಳಲಿಲ್ಲ.

"ಕಾಲು ತೊಳೆಯೋ ನೀರಿನ ಸ್ವಿಚ್ ಎಲ್ರೀ?" ಅಂತ ಕೇಳಿದಳು ಹೆಂಡತಿ.

"ಇನ್ಮೇಲೆ ಸ್ವಿಚ್ ಗಿಚ್ ಬೇಕಾಗಿಲ್ಲ. ಎಲ್ಲಾ ಪರದೆ ಮೇಲೆ."

"ಎಲ್ಲಿ, ತೋರ್ಸಿ."

"ಅದಕ್ಕೆ ಅಪ್ಡೇಟ್ ಬರಬೇಕು."

ಸಂಜೆ ಪ್ರದರ್ಶನ. ಷಡ್ಡಕನನ್ನೂ ಅಕ್ಕನನ್ನೂ ಊಟಕ್ಕೆ ಅಂತ ಕರೆಸಿ, ಊಟಕ್ಕೆ ಮೊದಲೇ ವ್ಯಾನಿನೊಳಗೆ ತುಂಬಿದ. ವ್ಯಾನು ನಿಂತಿದ್ದದ್ದು ಮನೆ ಮುಂದಿನ ರಸ್ತೆಯಂಚಿನಲ್ಲಿ. ಹಾಡು ಡಬಡಬಿಸಿತು. ಅಕ್ಕ ಕಿವಿ ಮುಚ್ಚಿಕೊಂಡಳು. ಷಡ್ಡಕ ಪರದೆಯ ನಕ್ಷೆಯನ್ನು ತನ್ನ ಅಂಗಡಿಯ ಕನ್ನಡಕದಲ್ಲಿ ಹತ್ತಿರದಿಂದ ನೋಡಿದ.

"ಷಡ್ಡಕರೇ, ಇದರ ಪ್ರಕಾರ ನಾವೀಗ ಸಮುದ್ರದ ಮಧ್ಯ ಇದ್ದೀವಲ್ಲ?"

ನೋಡಿದರೆ ನಿಜ. ಸುತ್ತಲೂ ನೀಲಿ, ನಡುವೆ ಒಂದು ಬಾಣದ ಗುರುತು.

"ಶನಿವಾರ ಎಲ್ಲಿಗೆ ಹೋಗಬೇಕು ಅಂತ ಅದಕ್ಕೆ ಆಗಲೇ ಗೊತ್ತಾಗಿದೆ" ಅಂದ ಎಲ್ಲಬಲ್ಲ, ಒಂದು ಚೂರೂ ಅಳುಕದೆ. "ನಿಮ್ಮದು ಇದ್ದ ಜಾಗ ತೋರಿಸುತ್ತೆ. ನಮ್ಮದು ಹೋಗೋ ಜಾಗ ತೋರಿಸುತ್ತೆ."

ಷಡ್ಡಕನ ನಗು ಮಾಯವಾಯಿತು. ಎಲ್ಲಬಲ್ಲನ ಬಾಳಿನ ಸುವರ್ಣ ಘಳಿಗೆ ಅದು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ, ಯಾಕೆಂದರೆ ವ್ಯಾನಿನ ಕಿಟಕಿಯನ್ನು ಯಾರೋ ಕುಟ್ಟಿದರು. ಪಕ್ಕದ ಮನೆಯ ನಿವೃತ್ತ ಮೋಜಣಿದಾರರು. ಬದುಕಿಡೀ ಊರವರ ಜಮೀನು ಅಳೆದು ಈಗ ಕೆಲಸವಿಲ್ಲದೆ ತಮ್ಮ ಕಾಂಪೌಂಡನ್ನೇ ವಾರಕ್ಕೊಮ್ಮೆ ಅಳೆಯುವ ಮನುಷ್ಯ.

"ನಮ್ಮ ಗೇಟಿನ ಮುಂದೆ ನೀರು ಉಕ್ಕುತ್ತಿದೆ ಕಣ್ರೀ! ನೀವು ನೀರಿನ ಆಫೀಸಿನವರಲ್ವಾ, ಬಂದು ನೋಡಿ."

ಆಗಿದ್ದು ಇಷ್ಟೇ. ಕೊಳವೆಯ ನೀರು ವ್ಯಾನಿನ ಕೆಳಗೆ ರಸ್ತೆಯ ಬಿರುಕಿಗೆ ಇಳಿದು, ಒಳಗೊಳಗೇ ಹರಿದು, ತಗ್ಗಿನಲ್ಲಿದ್ದ ಮೋಜಣಿದಾರರ ಗೇಟಿನ ಮುಂದೆ ಮೇಲೇಳುತ್ತಿತ್ತು. ಎಲ್ಲಬಲ್ಲ ಕೀಲಿ ತೆಗೆದು ಗಂಭೀರವಾಗಿ ಇಳಿದ. ಎಲ್ಲರೂ ನೋಡುತ್ತಿದ್ದಾರೆ, ಷಡ್ಡಕನಂತೂ ಕನ್ನಡಕ ಒರೆಸಿಕೊಂಡು ನೋಡುತ್ತಿದ್ದಾನೆ. ಬಗ್ಗಿದ. ಬೆರಳು ಅದ್ದಿದ. ನಾಲಿಗೆಗೆ ಇಟ್ಟುಕೊಂಡ. ಚಪ್ಪರಿಸಿದ.

"ಮುಖ್ಯ ಕೊಳವೆಯ ನೀರು. ಒಡೆದಿದೆ. ಸಂಜೆ ಒತ್ತಡ ಜಾಸ್ತಿ, ಅದಕ್ಕೇ ಈಗ ಬರ್ತಿದೆ. ನನಗೆ ಬಿಡಿ, ನಾನು ನೋಡ್ಕೋತೀನಿ."

ಅಕ್ಕ ತಂಗಿಯ ಕಿವಿಯಲ್ಲಿ, "ರಸ್ತೆ ನೀರು ನೆಕ್ಕಿದ್ರಲ್ಲೇ!" ಅಂದಳು. ತಂಗಿ ಊಟ ಬಡಿಸಲು ಒಳಗೆ ನಡೆದಳು. ಅವಳಿಗೆ ಅಭ್ಯಾಸವಾಗಿತ್ತು.

ಸೋಮವಾರ ಕಚೇರಿಯಲ್ಲಿ ಹಿಂದೆಂದೂ ಆಗದ್ದು ಆಯಿತು. ದೂರು ವಿಭಾಗದಿಂದ ಒಂದು ದೂರು ಹೊರಗೆ ಹೋಯಿತು. ಇಂಜಿನಿಯರ್ ಸಾಹೇಬರು ಅದನ್ನು ಕಂಡು ಗಾಬರಿಯಾಗಿ, ಎಲ್ಲೋ ದೊಡ್ಡ ಅನಾಹುತವೇ ಆಗಿರಬೇಕು ಅಂತ ಸಂಜೆ ತಾವೇ ಸ್ಥಳಕ್ಕೆ ಬಂದರು. ಅವರು ಹೊಟ್ಟೆ ಮುಂದೆ, ತಾವು ಹಿಂದೆ ಬರುವಂಥ ಅಧಿಕಾರಿ. ಸ್ಥಳದಲ್ಲಿ ನೀರಿರಲಿಲ್ಲ.

"ಎಲ್ರೀ ನೀರು?"

"ಬರುತ್ತೆ ಸಾರ್. ಅಲ್ಲೀತನಕ ನಮ್ಮ ವ್ಯಾನಿನಲ್ಲಿ ಕೂತ್ಕೊಳ್ಳಿ. ಹೊಸ ಸ್ಟೀರಿಯೋ ಹಾಕಿದ್ದೀನಿ, ನಾನೇ."

ಸಾಹೇಬರು ಹಾಸಿಗೆಯ ಮೇಲೆ ಆಸೀನರಾದರು. ಎಲ್ಲಬಲ್ಲ ಕೀಲಿ ತಿರುಗಿಸಿದ. ಹಾಡು ಬಂತು. ಎರಡೇ ನಿಮಿಷಕ್ಕೆ ಹೊರಗೆ ಮೋಜಣಿದಾರರ ಕೂಗು: "ಬಂತು! ಬಂತು!"

ಸಾಹೇಬರು ಇಳಿಯುವ ವೇಳೆಗೆ ಕೀಲಿ ತೆಗೆದದ್ದರಿಂದ ನೀರು ನಿಂತಿತ್ತು. ವಾಪಸ್ ಬಂದು ಕೂತರು. ಹಾಡು ಬಂತು, ನೀರೂ ಬಂತು. ಹೀಗೇ ನಾಲ್ಕಾರು ಸಲ ಆದಮೇಲೆ ಸಾಹೇಬರು ಬೆವರು ಒರೆಸಿಕೊಂಡು, "ಬಿಟ್ಟು ಬಿಟ್ಟು ಬರೋ ಸೋರಿಕೆ. ಇದು ಬಹಳ ಅಪಾಯಕಾರಿ ಜಾತಿ. ಅಗೀಬೇಕು" ಅಂದರು.

ಮಂಗಳವಾರ ಅಗೆತದ ಮೇಸ್ತ್ರಿ ಆಳುಗಳ ಸಮೇತ ಬಂದ. ಮೊದಲು ಮೋಜಣಿದಾರರ ಗೇಟಿನ ಮುಂದೆ ಅಗೆದ. ಕೊಳವೆ ಇರಲಿಲ್ಲ. ನೀರು ಬಂದ ದಿಕ್ಕು ಹಿಡಿದು ಮೇಲಕ್ಕೆ ಅಗೆದ. ಅಲ್ಲೂ ಕೊಳವೆ ಇರಲಿಲ್ಲ. ಬುಧವಾರ ಸಂಜೆಯ ಹೊತ್ತಿಗೆ ಗುಂಡಿ ವ್ಯಾನಿನ ಪಕ್ಕದಲ್ಲೇ ಹಾದು, ಅದರ ಮೂತಿಯ ಮುಂದೆ ಅಡ್ಡ ತಿರುಗಿ ನಿಂತಿತ್ತು.

"ಶನಿವಾರದೊಳಗೆ ಮುಚ್ತೀರಾ?" ಅಂತ ಹೆಂಡತಿ ಕೇಳಿದಳು.

"ಅಗೆಯೋದು ನಮ್ಮದು ಮೇಡಂ" ಅಂದ ಮೇಸ್ತ್ರಿ. ಅವನು ಅವಳ ಹಳೇ ವಿದ್ಯಾರ್ಥಿ. "ಮುಚ್ಚೋದು ಬೇರೆ ಟೆಂಡರು. ಅದನ್ನ ಇನ್ನೂ ಕರೆದಿಲ್ಲ."

ಈ ನಡುವೆ ಅವಳಿಗೆ ಇನ್ನೊಂದು ತಲೆನೋವು ಶುರುವಾಗಿತ್ತು. ಪ್ರತಿದಿನ ಬೆಳಗ್ಗೆ ವ್ಯಾನಿನ ತೊಟ್ಟಿ ತುಂಬಿಸಿ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಪಾಠ ಮುಗಿಸಿ ಕತ್ತಲಾದಮೇಲೆ ಬಂದರೆ ಮಾಪಕ ಖಾಲಿ ತೋರಿಸುತ್ತಿತ್ತು.

"ತೊಟ್ಟಿ ಸೋರ್ತಿದೆ ಅನ್ಸುತ್ತೆ" ಅಂದಳು ಒಂದು ಬೆಳಗ್ಗೆ.

"ಆವಿಯಾಗುತ್ತೆ" ಅಂದ ಎಲ್ಲಬಲ್ಲ. "ನೀರಿನ ಇಲಾಖೆಯವನು ನಾನು. ನನಗೆ ಗೊತ್ತಿಲ್ವಾ?"

"ತುಂಬಿದ ತೊಟ್ಟಿ ಒಂದೇ ದಿನಕ್ಕೆ ಆವಿಯಾಗುತ್ತಾ?"

"ಬಿಸಿಲು ನೋಡು ಹೆಂಗಿದೆ."

ಮೋಡ ಕವಿದಿತ್ತು. ಅವಳು ಆಕಾಶ ನೋಡಿದಳು, ಗಂಡನನ್ನು ನೋಡಿದಳು, ಮತ್ತೆ ತುಂಬಿಸಿದಳು.

ಗುರುವಾರ ಬೆಳಗ್ಗೆ, ಅವಳು ಎಂದಿನಂತೆ ತೊಟ್ಟಿ ತುಂಬಿಸಿ ಹೋದಮೇಲೆ, ಸಾಹೇಬರು ಇಡೀ ಬೀದಿಯ ನೀರು ನಿಲ್ಲಿಸಿದರು. ಮುಖ್ಯ ಕವಾಟ ಮುಚ್ಚಿದರೆ ಸೋರಿಕೆ ನಿಲ್ಲಲೇಬೇಕು, ಆಗ ಒಡೆದ ಜಾಗ ಪತ್ತೆಯಾಗುತ್ತೆ ಅಂತ ಲೆಕ್ಕ. ಬೀದಿಯ ಹೆಂಗಸರು ಖಾಲಿ ಕೊಡ ಹಿಡಿದು ಎಲ್ಲಬಲ್ಲನ ವಂಶವನ್ನೆಲ್ಲ ಜಾಲಾಡಿದರು. ಸಂಜೆ ಸಾಹೇಬರು ಬಂದು ಗುಂಡಿಯ ದಡದಲ್ಲಿ ನಿಂತರು. ಒಣ ಒಣ. ಮುಖ ಗೆಲುವಾಯಿತು. ಕಾಲು ನೋಯುತ್ತದೆ ಅಂತ ವ್ಯಾನು ಹತ್ತಿ ಕೂತರು. ಮೇಲಧಿಕಾರಿ ಕೂತಮೇಲೆ ಮನರಂಜನೆ ಬೇಡವೇ? ಎಲ್ಲಬಲ್ಲ ಕೀಲಿ ತಿರುಗಿಸಿದ.

"ಬಂತು! ಬಂತು!" ಮೋಜಣಿದಾರರ ಗಂಟಲು ಬಿರಿಯಿತು.

ಸಾಹೇಬರು ಗುಂಡಿಗೆ ಇಣುಕಿದರು. ವ್ಯಾನಿನ ಅಡಿಯ ಮಣ್ಣಿನಿಂದ ನೀರು ತಣ್ಣಗೆ, ಸ್ವಚ್ಛವಾಗಿ ಇಳಿಯುತ್ತಿತ್ತು.

"ಕವಾಟ ಮುಚ್ಚಿದ್ರೂ ನೀರು ಬರ್ತಿದೆ ಅಂದ್ರೆ, ಇದು ನಮ್ಮ ನೀರೇ ಅಲ್ಲ ಕಣ್ರೀ" ಅಂತ ಪಿಸುಗುಟ್ಟಿದರು. "ಇದು ಬುಗ್ಗೆ!"

ಅಲ್ಲಿಂದ ಮುಂದೆ ಬೀದಿಗೆ ಬೀದಿಯೇ ಹುಚ್ಚೆದ್ದಿತು. ಬೆಳಗ್ಗೆ ಬೈದ ಹೆಂಗಸರೇ ಸೀಸೆ ತಂದು ಬುಗ್ಗೆಯ ನೀರು ತುಂಬಿಕೊಂಡು ಹೋದರು. ಒಬ್ಬಳಿಗೆ ಮಂಡಿನೋವು ಆಗಲೇ ಇಳಿದಿತ್ತು. ಮೋಜಣಿದಾರರು ಟೇಪು ತಂದು, ಬುಗ್ಗೆ ತಮ್ಮ ಹದ್ದಿನೊಳಗೇ ಇದೆ ಅಂತ ಸುಣ್ಣದ ಗೆರೆ ಎಳೆದರು. ಎದುರುಮನೆಯವರು ಅದನ್ನು ಕಾಲಿನಲ್ಲಿ ಒರೆಸಿದರು. ಸಾಹೇಬರು ದೊಡ್ಡ ಸಾಹೇಬರಿಗೆ ವರದಿ ಕಳಿಸಿ, ಎಲ್ಲಬಲ್ಲನ ಹೆಗಲ ಮೇಲೆ ಕೈ ಹಾಕಿದರು.

"ಶನಿವಾರ ಬೆಳಗ್ಗೆ ದೊಡ್ಡ ಸಾಹೇಬರೇ ನೋಡೋಕೆ ಬರ್ತಾರೆ. ಇಲ್ಲೊಂದು ಕಲ್ಲು ನೆಡಿಸೋಣ. ಪತ್ತೆ ಮಾಡಿದವರು ಅಂತ ನಿಮ್ಮ ಹೆಸರು. ಆದ್ರೆ ಒಂದು ವಿಷಯ, ಬುಗ್ಗೆಯ ಕಣ್ಣು ನಿಮ್ಮ ವ್ಯಾನಿನ ಕೆಳಗೇ ಇದೆ. ಗಾಡಿ ಅಲುಗಾಡಿಸಿದ್ರೆ ಕಣ್ಣು ಮುಚ್ಚಿಹೋಗಬಹುದು. ಒಂದಂಗುಲ ಕದಲಿಸಕೂಡದು."

"ಖಂಡಿತ ಸಾರ್" ಅಂದ ಎಲ್ಲಬಲ್ಲ. ಕಲ್ಲಿನ ಮೇಲೆ ತನ್ನ ಹೆಸರು ಅವನಿಗೆ ಕಾಣಿಸುತ್ತಿತ್ತು. ಅದರ ಮುಂದೆ ನಿಂತು ಓದುತ್ತಿರುವ ಷಡ್ಡಕನೂ ಕಾಣಿಸುತ್ತಿದ್ದ. ಹೆಂಡತಿ ಮಾತ್ರ ಆ ಚಿತ್ರದಲ್ಲಿ ಎಲ್ಲೂ ಇರಲಿಲ್ಲ.

ಶುಕ್ರವಾರ ನೀರಿಲ್ಲದ ಬೀದಿಗೆ ಇಲಾಖೆಯ ಟ್ಯಾಂಕರ್ ಬಂತು. ದೊಡ್ಡ ಮನುಷ್ಯನಾದಮೇಲೆ ಸಾಲು ನಿಲ್ಲೋದುಂಟೇ? ಎಲ್ಲಬಲ್ಲ ಮೊದಲು ತನ್ನ ವ್ಯಾನಿನ ತೊಟ್ಟಿ ತುಂಬಿಸಿಕೊಂಡ. ಮಿಕ್ಕದ್ದು ಬೀದಿಗೆ.

ಅವತ್ತು ಸಂಜೆ ಹೆಂಡತಿಯ ಶಾಲೆ ಬೇಗ ಮುಚ್ಚಿತು. ಅವಳು ವ್ಯಾನಿನೊಳಗೆ ಹಾಸಿಗೆ ಮಡಚಿ, ಪಾತ್ರೆ ಜೋಡಿಸುತ್ತಿದ್ದಳು. ವ್ಯಾನು ಕದಲಿಸಕೂಡದು ಅನ್ನೋ ಆಜ್ಞೆಯನ್ನು ಅವಳಿಗೆ ಹೇಳುವ ಧೈರ್ಯ ಎಲ್ಲಬಲ್ಲನಿಗೆ ಇನ್ನೂ ಬಂದಿರಲಿಲ್ಲ. ಧೈರ್ಯಕ್ಕಿರಲಿ ಅಂತ ಮುಂದೆ ಕೂತು ಹಾಡು ಹಾಕಿದ. ಅವಳ ಕಣ್ಣೆದುರಿಗೇ ಗೋಡೆಯ ಮಾಪಕದ ಮುಳ್ಳು ಮೆಲ್ಲಗೆ ಕೆಳಗೆ ಇಳಿಯತೊಡಗಿತು. ಹೊರಗೆ "ಬಂತು!" ಅಂತ ಮೋಜಣಿದಾರರು ಕೂಗಿದರು.

ಅವಳು ಕೈಲಿದ್ದ ಪಾತ್ರೆ ಕೆಳಗಿಟ್ಟಳು. ಯಾವ ಪೆಡಲು ಒತ್ತಿದರೆ ಯಾವ ಚಕ್ರ ನಿಲ್ಲುತ್ತೆ ಅಂತ ಬದುಕಿಡೀ ಹೇಳಿಕೊಟ್ಟವಳು.

"ಆರಿಸಿ" ಅಂದಳು.

ಆರಿಸಿದ. ಮುಳ್ಳು ನಿಂತಿತು. "ನಿಂತೋಯ್ತು!" ಹೊರಗಿನಿಂದ.

"ಹಾಕಿ."

"ಬಂತು!"

"ಆರಿಸಿ."

"ನಿಂತೋಯ್ತು!"

"ಹಾಕಿ."

"ಬಂತು! ಅಯ್ಯೋ, ಏನು ಬುಗ್ಗೆಯಪ್ಪ ಇದು, ಬಿಕ್ಕಳಿಸ್ತಿದೆ!"

ಎಲ್ಲಬಲ್ಲ ಕೀಲಿಯ ಮೇಲೆ ಕೈಯಿಟ್ಟ ಹಾಗೇ ಕಲ್ಲಾದ. ನೀಲಿಗೆ ನೀಲಿ. ಈಗ ಅವನಿಗೂ ಹೊಳೆಯಿತು. ಮುಖದಿಂದ ಬಣ್ಣ ಇಳಿದುಹೋಯಿತು, ಇಂಗು ತಿಂದ ಮಂಗನ ಹಾಗೆ ಕೂತ.

"ಹೋಗಿ ಹೇಳಿ ಅವರಿಗೆ" ಅಂದಳು ಅವಳು. "ಗುಂಡಿ ಮುಚ್ಚಿಸಿ. ನಾಳೆ ಬೆಳಗ್ಗೆ ಹೊರಡಬೇಕು."

"ಹೇಗೆ ಹೇಳೋದೇ? ಮೇಲಕ್ಕೆ ವರದಿ ಹೋಗಿದೆ. ದೊಡ್ಡ ಸಾಹೇಬರು ಬರ್ತಿದ್ದಾರೆ. ಕಲ್ಲು ಕೆತ್ತೋಕೆ ಹೇಳಿಯಾಗಿದೆ. ಷಡ್ಡಕನಿಗೆ ಗೊತ್ತಾದ್ರೆ ನನ್ನ ಮರ್ಯಾದೆ ಏನಾಗಬೇಕು?"

"ನನ್ನ ಸಮುದ್ರ ಏನಾಗಬೇಕು?"

"ಸಮುದ್ರ ಎಲ್ಲಿಗೆ ಓಡಿಹೋಗುತ್ತೆ?" ಅಂದ ಎಲ್ಲಬಲ್ಲ. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು. ಮುಚ್ಚಲಿಲ್ಲ. "ಮುಂದಿನ ವರ್ಷ ಹೋದ್ರಾಯ್ತು."

ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಸಿಟ್ಟು ಮೊದಲು ಬಂದದ್ದರಿಂದ ಅಳು ಬಾಗಿಲಲ್ಲೇ ನಿಂತಿತು. ಬೈಯಲಿಲ್ಲ, ಕೂಗಲಿಲ್ಲ. ಬಗ್ಗಿ ಕೀಲಿ ಕಿತ್ತುಕೊಂಡು, ಸೆರಗಿಗೆ ಗಂಟು ಹಾಕಿಕೊಂಡು ಮನೆಯೊಳಗೆ ಹೋಗಿ ಅಕ್ಕನಿಗೆ ಫೋನು ಮಾಡಿದಳು. ಹೆಂಡತಿ ಜಗಳ ಆಡಲಿಲ್ಲವಲ್ಲ, ಒಪ್ಪಿಕೊಂಡಳು ಅಂತ ಎಲ್ಲಬಲ್ಲ ನಿರಾಳವಾಗಿ ಉಸಿರು ಬಿಟ್ಟ. ಅವನ ತಿಳುವಳಿಕೆಯ ಆಳ ಅಷ್ಟು.

ಶನಿವಾರ ಬೆಳಗ್ಗೆ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ದೊಡ್ಡ ಸಾಹೇಬರು ಬಂದಿದ್ದರು. ಅವರ ಪಕ್ಕ ಇಂಜಿನಿಯರ್ ಸಾಹೇಬರು, ಪಕ್ಕದಲ್ಲಿ ಇಸ್ತ್ರಿ ಅಂಗಿಯ ಎಲ್ಲಬಲ್ಲ. ಮೋಜಣಿದಾರರು ಟೇಪು ಹಿಡಿದು ಸನ್ನದ್ಧರಾಗಿದ್ದರು. ತನ್ನ ಹೆಂಡತಿಯನ್ನು ಬಿಟ್ಟುಹೋಗಲು ಬಂದ ಷಡ್ಡಕ ಜನರ ಹಿಂದಿನಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದ, ಹೊಟ್ಟೆ ಉರಿ ಮುಖದಲ್ಲೇ ಕಾಣುತ್ತಿತ್ತು. ಪ್ರವಾಸಕ್ಕೆ ಅವನು ಬರುವುದಿಲ್ಲ ಅಂದಿದ್ದ. ಬುಗ್ಗೆ ಎಲ್ಲಬಲ್ಲನದಾದಮೇಲೆ ಅವನ ಮುಖ ಯಾವನು ನೋಡುತ್ತಾನೆ?

"ಎಲ್ರೀ ಬುಗ್ಗೆ?" ಅಂದರು ದೊಡ್ಡ ಸಾಹೇಬರು.

"ಬರುತ್ತೆ ಸಾರ್, ಬರುತ್ತೆ" ಅಂದರು ಇಂಜಿನಿಯರ್ ಸಾಹೇಬರು. ಎಲ್ಲಬಲ್ಲ ಜೇಬು ತಡವಿದ. ಕೀಲಿ ಇರಲಿಲ್ಲ. ಆಮೇಲೆ ನೆನಪಾಯಿತು.

ಅಷ್ಟರಲ್ಲಿ ಮನೆಯ ಬಾಗಿಲು ತೆರೆಯಿತು. ಹೆಂಡತಿ ಒಂದು ಚೀಲ, ಅಕ್ಕ ಎರಡು ಚೀಲ ಹಿಡಿದು ಬಂದರು. ಜನ ತಾವಾಗಿ ದಾರಿ ಬಿಟ್ಟರು.

"ಏನೇ, ನನ್ನ ಊಟದ ಗತಿ?" ಅಂತ ಷಡ್ಡಕ ಅಕ್ಕನನ್ನು ಕೇಳಿದ.

"ಅಡುಗೆಮನೆಯಲ್ಲಿ ಎಲ್ಲಾ ಇದೆ. ಸಿಗದಿದ್ರೆ ಕನ್ನಡಕ ಹಾಕ್ಕೊಂಡು ಹುಡುಕಿ" ಅಂದಳು ಅಕ್ಕ, ನಿಲ್ಲದೆ.

ಹೆಂಡತಿ ಗುಂಡಿಯ ಅಂಚಿನಲ್ಲಿ ನಿಂತು ಮೇಸ್ತ್ರಿಯ ಕಡೆ ತಿರುಗಿದಳು. "ಆ ದಪ್ಪ ಹಲಗೆಗಳನ್ನ ಇಲ್ಲಿ ಅಡ್ಡ ಹಾಕಿ. ಚಕ್ರದ ಅಗಲ ಬಿಟ್ಟು. ಹಾಂ, ಹಾಗೆ."

ಆ ದನಿಗೆ ಮೇಸ್ತ್ರಿ ಹಿಂದೆ ಒಂದು ತಿಂಗಳು ನಡುಗಿದ್ದವನು. ಯಾರ ಅಪ್ಪಣೆಗೂ ಕಾಯದೆ ಹಲಗೆ ಹಾಕಿದ.

"ಅಮ್ಮಾ, ಗಾಡಿ ಅಲುಗಾಡಿಸಬೇಡಿ!" ಇಂಜಿನಿಯರ್ ಸಾಹೇಬರು ಎರಡೂ ಕೈ ಎತ್ತಿದರು. "ಬುಗ್ಗೆ ಕಣ್ಣು ಮುಚ್ಚುತ್ತೆ! ರೀ, ಹೇಳ್ರೀ ನಿಮ್ಮ ಹೆಂಡತಿಗೆ!"

ಎಲ್ಲಬಲ್ಲ ಬಾಯಿ ತೆರೆದ. ಅವಳು ಅವನ ಕಡೆ ನೋಡಿದಳು, ಅಷ್ಟೇ. ಮುಚ್ಚಿದ.

ಅವಳು ಹತ್ತಿ ಕೂತಳು, ಕನ್ನಡಿ ಸರಿಮಾಡಿಕೊಂಡಳು, ಕೀಲಿ ತಿರುಗಿಸಿದಳು. ಪರದೇಶದ ಹೆಂಗಸು ಸ್ವಾಗತ ಹೇಳಿದಳು. ಹಾಡು ಡಬ ಡಬ ಅಂತ ಶುರುವಾಯಿತು. ಗುಂಡಿಯೊಳಗೆ ನೀರು ಇಳಿಯಿತು.

"ಬಂತು!" ಅಂತ ಮೋಜಣಿದಾರರು ಕುಣಿದರು. ದೊಡ್ಡ ಸಾಹೇಬರು ಚಪ್ಪಾಳೆ ತಟ್ಟಿದರು. ಅದನ್ನು ನೋಡಿ ಎಲ್ಲರೂ ತಟ್ಟಿದರು.

ವ್ಯಾನು ಕದಲಿತು. ಹಲಗೆಯ ಮೇಲೆ ಒಂದು ಚೂರೂ ಅತ್ತಿತ್ತ ಆಗದೆ, ಪಾಠ ಮಾಡಿ ತೋರಿಸುವ ಹಾಗೆ ದಾಟಿತು. ಅದು ನಿಂತಿದ್ದ ಜಾಗದಲ್ಲಿ ಕಂಡದ್ದು ಒಂದು ತುಂಡು ರಸ್ತೆ, ಅದರಲ್ಲೊಂದು ಬಿರುಕು. ಬುಗ್ಗೆ ಅಲ್ಲಿರಲಿಲ್ಲ. ಅದು ವ್ಯಾನಿನ ಹಿಂಬದಿಯ ಬಾಗಿಲ ಕೆಳಗಿನ ಕೊಳವೆಯಿಂದ ಸುರಿಯುತ್ತಾ, ಹಾಡಿನ ಜೊತೆ ಬೀದಿಯುದ್ದಕ್ಕೂ ಹೋಗುತ್ತಿತ್ತು. ಎಲ್ಲರ ತಲೆಗಳೂ ಒಟ್ಟಿಗೆ ಅದರ ಹಿಂದೆ ತಿರುಗಿದವು. ಮೋಜಣಿದಾರರು ಟೇಪು ಹಿಡಿದು ನಾಲ್ಕು ಹೆಜ್ಜೆ ಓಡಿ ನಿಂತರು. ಸೀಸೆ ತಂದಿದ್ದ ಹೆಂಗಸು ಸೀಸೆ ನೋಡಿದಳು, ಮಂಡಿ ನೋಡಿಕೊಂಡಳು. ತಿರುವಿನಲ್ಲಿ ವ್ಯಾನು ನಿಯಮದ ಪ್ರಕಾರ ದೀಪ ಮಿಟುಕಿಸಿ, ಬುಗ್ಗೆಯ ಸಮೇತ ಮರೆಯಾಯಿತು.

ಆಮೇಲೆ ಷಡ್ಡಕ ನಗಲು ಶುರುಮಾಡಿದ. ಈ ಸಲ ಹಲ್ಲೆಲ್ಲ ಕಾಣುವ ಹಾಗೆ, ಕನ್ನಡಕ ಮೂಗಿನಿಂದ ಜಾರಿ ಗುಂಡಿಗೆ ಬೀಳುವ ತನಕ ನಕ್ಕ. ಮೇಸ್ತ್ರಿ ಹಲಗೆ ಎತ್ತಿಟ್ಟುಕೊಂಡ. ದೊಡ್ಡ ಸಾಹೇಬರು ಇಂಜಿನಿಯರ್ ಸಾಹೇಬರನ್ನು ನೋಡಿದರು. ಇಂಜಿನಿಯರ್ ಸಾಹೇಬರು ಎಲ್ಲಬಲ್ಲನನ್ನು ನೋಡಿದರು. ಎಲ್ಲಬಲ್ಲ ನೋಡೋಣ ಅಂದರೆ ಅವನಿಗಿಂತ ಕೆಳಗೆ ಇದ್ದದ್ದು ಗುಂಡಿಯೊಂದೇ.

"ಏನ್ರೀ ಇದು?" ಅಂತ ಗುಡುಗಿದರು ದೊಡ್ಡ ಸಾಹೇಬರು. "ಇಲ್ಲಿದ್ದ ನೀರು ಎಲ್ಲಿಗೆ ಹೋಯ್ತು?"

ಎಲ್ಲಬಲ್ಲನ ಬಾಯಿಗೆ ಅಭ್ಯಾಸದಂತೆ "ಪರಿಶೀಲನೆಯಲ್ಲಿದೆ" ಅಂತ ಬಂದಿತ್ತು, ನುಂಗಿಕೊಂಡ. ಖಾಲಿ ಬಿದ್ದ ತಿರುವಿನ ಕಡೆ ನೋಡಿದ. ಆ ವಾರವಿಡೀ ಅವನು ಕೊಟ್ಟ ಉತ್ತರಗಳಲ್ಲಿ ಸರಿಯಾಗಿದ್ದದ್ದು ಇದೊಂದೇ.

"ಸಮುದ್ರಕ್ಕೆ ಸಾರ್."